ಮೂರು ಕರಿಮನೆ

ಫ್ರಿಜ್ಜಿನ ಗುಂಯ್‌ಗುಡುವಿಕೆ, ಅದರ ಮೇಲೆ ಫ್ಯಾನು, ಫ್ಯಾನಿನ ಮೇಲೆ ಪಕ್ಕದ ಮನೆಯ ಮಿಕ್ಸಿ, ಎಲ್ಲದರ ನೆತ್ತಿಯ ಮೇಲೆ ಪೂರ್ತಿ ಮುಚ್ಚದ ನಲ್ಲಿಯ ಸಣ್ಣ ಸಿಳ್ಳು. ಕಣ್ಣು ಬಿಡುವ ಮೊದಲೇ ಅವನು ಈ ನಾಲ್ಕನ್ನೂ ಒಂದರ ಮೇಲೊಂದು ಪೇರಿಸಿಕೊಂಡು, ಈ ಕೂಡುಸದ್ದು ಮಾವನೋ ಷಡ್ಡಕನೋ ಎಂದು ಯೋಚಿಸುತ್ತಾ ಮಲಗಿದ್ದ. ಷಡ್ಡಕನೇ ಇರಬೇಕು ಅನ್ನಿಸಿತು. ಅಷ್ಟರಲ್ಲಿ ಮಿಕ್ಸಿ ನಿಂತುಹೋಯಿತು. ಉಳಿದ ಮೂರು ಪರೀಕ್ಷೆಗಿಲ್ಲದ ಪಾಠದಂತೆ ತಮ್ಮ ಪಾಡಿಗೆ ತಾವು ಮುಂದುವರಿದವು. ಪರೀಕ್ಷೆಯ ದಿನ ಹೊಟ್ಟೆ ಹೇಗಿರುತ್ತದೆಂದು ಐವತ್ತೇಳನೆಯ ವಯಸ್ಸಿನಲ್ಲಿ ಮತ್ತೆ ತಿಳಿಯಬೇಕಾಗಿ ಬಂದದ್ದು ಅವನಿಗೆ ತಮಾಷೆಯಾಗಿ ಕಂಡಿತು. ಮೂವತ್ತೊಂದು ವರ್ಷದಿಂದ ಅವನು ಸಂಗೀತ ಶಾಲೆಯ ಪಿಯಾನೋಗಳನ್ನು ಶ್ರುತಿ ಮಾಡುತ್ತಿದ್ದ. ಹದಿನಾಲ್ಕು ಪಿಯಾನೋ, ಒಂದೊಂದಕ್ಕೆ ಇನ್ನೂರ ಚಿಲ್ಲರೆ ತಂತಿ. ಯಾವ ತಂತಿ ಯಾವ ಹವೆಗೆ ಸಡಿಲಾಗುತ್ತದೆಂಬುದು ಅವನಿಗೆ ತನ್ನ ಮಂಡಿನೋವಿಗಿಂತ ಚೆನ್ನಾಗಿ ಗೊತ್ತಿತ್ತು. ಬರುವ ತಿಂಗಳಿಂದ ಆ ಹದಿನಾಲ್ಕೂ ಹೋಗಿ ತಂತಿಯೇ ಇಲ್ಲದ ಎಲೆಕ್ಟ್ರಾನಿಕ್ ವಾದ್ಯಗಳು ಬರುತ್ತಿದ್ದವು. ಅವಕ್ಕೆ ಶ್ರುತಿ ಮಾಡುವವನು ಬೇಡ, ಧೂಳು ಒರೆಸುವವನು ಸಾಕು. ‘ನಿಮ್ಮನ್ನ ಕಳಿಸೋಕೆ ನಂಗೆ ಮನಸ್ಸಿಲ್ಲ ಸರ್,’ ಎಂದು ಪ್ರಿನ್ಸಿಪಾಲಮ್ಮ ಎರಡು ತಿಂಗಳ ಹಿಂದೆ ಅವನನ್ನು ಕೂರಿಸಿ ಹೇಳಿದ್ದರು. ಮಕ್ಕಳಿಗೆ ಕಿವಿಯ ಪಾಠ ಹೇಳುವ ತರಗತಿಗೆ ಒಬ್ಬ ಸಹಾಯಕ ಬೇಕಾಗಿದ್ದಾನೆ, ಅದಕ್ಕೆ ಸ್ವರ ಕೇಳಿ ಗುರುತಿಸುವ ನಾಲ್ಕನೆಯ ಗ್ರೇಡಿನ ಪರೀಕ್ಷೆ ಪಾಸಾಗಿರಬೇಕು, ಆಡಳಿತ ಮಂಡಳಿಗೆ ಕಾಗದ ತೋರಿಸಬೇಕಲ್ಲ. ‘ಸೆವೆಂತ್ ಕಾರ್ಡು ಗುರುತಿಸೋದು ಅಷ್ಟೇ. ಹತ್ತು ವರ್ಷದ ಮಕ್ಕಳು ಮಾಡ್ತಾರೆ. ನಿಮ್ಮ ಕಿವಿಗೆ ಅದು ಯಾವ ಲೆಕ್ಕ? ಬರೀ ಫಾರ್ಮಾಲಿಟಿ.’ ಅವರೂ ಒಂದು ಕಾಲದಲ್ಲಿ ಆ ಹತ್ತು ವರ್ಷದ ಮಕ್ಕಳಲ್ಲಿ ಒಬ್ಬರಾಗಿದ್ದವರು. ಅವನು ತಂತಿ ಬಿಗಿಯುವಾಗ ಬಾಗಿಲ ಸಂದಿಯಿಂದ ಇಣುಕಿ ‘ಟಂಯ್ ಟಂಯ್ ಟಂಯ್’ ಎಂದು ಕೂಗಿ ಓಡುತ್ತಿದ್ದವರು. ಶಾಲೆಯಲ್ಲಿ ಇವತ್ತಿಗೂ ಅವನ ಹೆಸರು ಟಂಯ್ ಮೇಷ್ಟ್ರು. ಪಾಠ ಹೇಳದಿದ್ದರೂ ಮೇಷ್ಟ್ರು ಅನ್ನಿಸಿಕೊಂಡಿದ್ದ, ಅಷ್ಟರಮಟ್ಟಿಗೆ ಲಾಭ.

ಸೆವೆಂತ್ ಕಾರ್ಡು ಅಂದರೆ ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿದರೆ ಬರುವ ಸದ್ದು. ನಾಲ್ಕರಲ್ಲಿ ಒಂದನ್ನೋ ಎರಡನ್ನೋ ಮೂರನ್ನೋ ಪಿಯಾನೋದ ಬಿಳಿ ಕರಿ ಪಟ್ಟಿಗಳ ಲೆಕ್ಕದಲ್ಲಿ ಒಂದೆರಡು ಮನೆ ಕೆಳಗಿಳಿಸಿದರೆ ಇನ್ನೊಂದು ಸದ್ದು. ಹೀಗೆ ಐದು ಜಾತಿ. ಮೇಜರ್ ಸೆವೆಂತ್, ಡಾಮಿನೆಂಟ್ ಸೆವೆಂತ್, ಮೈನರ್ ಸೆವೆಂತ್, ಹಾಫ್ ಡಿಮಿನಿಷ್ಡ್, ಡಿಮಿನಿಷ್ಡ್: ಶಾಲೆಯ ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಓದಿದಾಗ ಔಷಧಿ ಅಂಗಡಿಯ ಚೀಟಿ ಓದಿದ ಹಾಗಿತ್ತು. ಅವಕ್ಕೆ ಮನೆಯ ಹೆಸರಿಟ್ಟವಳು ಮಗಳು. ಮೊದಲನೆಯದು ಚಿಕ್ಕಮ್ಮ, ನಾವೆಲ್ಲ ತುಂಬಾ ಸುಖವಾಗಿದ್ದೀವಿ ಅನ್ನುತ್ತಲೇ ಕೊನೆಯಲ್ಲಿ ಎಲ್ಲೋ ಮುಳ್ಳು ತಾಗಿಸುವವಳು. ಎರಡನೆಯದು ಮಾವ, ಹೊರಟೆ, ಹೊರಟೆ ಅನ್ನುತ್ತಾ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ಅರ್ಧ ಗಂಟೆ ನಿಲ್ಲುವವನು. ಮೂರನೆಯದು ಅಜ್ಜಿ, ಯಾರ ಮೇಲೂ ದೂರಿಲ್ಲದೆ ಸುಮ್ಮನೆ ನಿಟ್ಟುಸಿರು ಬಿಡುವವಳು. ನಾಲ್ಕನೆಯದಕ್ಕೆ ಷಡ್ಡಕ ಎಂಬ ಹೆಸರು ಮಾತ್ರ ಅವನ ಕೊಡುಗೆ. ಏನನ್ನೋ ಕೇಳಲೆಂದು ಬಂದು, ಕೇಳದೆ, ಆದರೆ ಕೇಳಲು ಬಂದಿದ್ದೆ ಎಂಬುದನ್ನು ಗೋಡೆಗೆ ಅಂಟಿಸಿ ಹೋಗುವವನು. ಐದನೆಯದು ಡಾಕ್ಟರು, ಆಪರೇಷನ್ ಕೋಣೆಯ ಬಾಗಿಲು ತೆರೆದು ಹೊರಗೆ ಬಂದು ಇನ್ನೂ ಬಾಯಿ ಬಿಡದವನು. ಸಂಜೆ ಕೆಲಸದಿಂದ ಬಂದ ಮಗಳು ಮುಂಗೋಣೆಯ ಹಳೆ ಪಿಯಾನೋ ಮುಂದೆ ಕೂರುತ್ತಿದ್ದಳು, ಅವನು ಅವಳಿಗೆ ಬೆನ್ನು ಮಾಡಿ ಗೋಡೆ ನೋಡುತ್ತಾ ಕೂರುತ್ತಿದ್ದ. ಅವಳು ಒತ್ತುತ್ತಿದ್ದಳು. ಅವನು ‘ಮಾವ’ ಅನ್ನುತ್ತಿದ್ದ. ‘ಅಜ್ಜಿ’ ಅನ್ನುತ್ತಿದ್ದ. ಮೊದಲ ವಾರ ಹತ್ತಕ್ಕೆ ಮೂರು, ಎರಡನೆಯ ವಾರ ಹತ್ತಕ್ಕೆ ಆರು, ನಾಲ್ಕನೆಯ ವಾರ ಹತ್ತಕ್ಕೆ ಹತ್ತು. ಹತ್ತಕ್ಕೆ ಹತ್ತು ಬಂದ ದಿನ ಅವನು ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕನ್ನಡಿಯಲ್ಲಿ ತನ್ನ ಕಿವಿಯನ್ನು ನೋಡಿಕೊಂಡಿದ್ದ. ಕಿವಿಯೊಳಗಿನ ನಾಲ್ಕು ಬಿಳಿ ಕೂದಲು ಕಂಡವು. ಅವನ್ನು ಕತ್ತರಿಸಲಿಲ್ಲ, ಶುಭವೆಂದು ಬಿಟ್ಟುಬಿಟ್ಟ.

ಇದಕ್ಕೆ ಸಂತೋಷ ಪಡಲು ಅವನಿಗೊಂದು ಗುಟ್ಟಿನ ಕಾರಣವಿತ್ತು. ಮೂವತ್ತೊಂದು ವರ್ಷ ಸಂಗೀತದ ಮಧ್ಯೆ ಇದ್ದೂ ಅವನಿಗೆ ಸಂಗೀತ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದದ್ದು ಅಲೆ. ಎರಡು ತಂತಿ ಒಂದೇ ಸ್ವರದಲ್ಲಿರಬೇಕಾಗಿ ಕೂದಲೆಳೆಯಷ್ಟು ತಪ್ಪಿದರೆ ಅವುಗಳ ನಡುವೆ ಒಂದು ತೂಗಾಟ ಏಳುತ್ತದೆ, ವಂವ್ ವಂವ್ ಎಂದು. ತಂತಿ ಬಿಗಿಯುವ ಕೀ ಹಾಕಿ ತಿರುಗಿಸುತ್ತಾ ಹೋದರೆ ತೂಗಾಟ ನಿಧಾನವಾಗಿ, ಇನ್ನೂ ನಿಧಾನವಾಗಿ, ನಿಂತುಹೋಗುತ್ತದೆ. ನಿಂತರೆ ಕೆಲಸ ಮುಗಿಯಿತು. ಆ ಅಲೆಯನ್ನು ಅವನಷ್ಟು ಸೂಕ್ಷ್ಮವಾಗಿ ಕೇಳಬಲ್ಲವರು ಸುತ್ತಮುತ್ತ ಯಾರೂ ಇರಲಿಲ್ಲ. ಆದರೆ ಕಚೇರಿಗಳಲ್ಲಿ, ಜನ ಕಣ್ಣು ಮುಚ್ಚಿಕೊಂಡು ತಲೆದೂಗುವಾಗ, ಅವನು ಎಡಗಡೆಯ ಮೂರನೆಯ ತಂತಿ ಎಷ್ಟು ಹೊತ್ತು ತಾಳೀತು ಎಂದು ಲೆಕ್ಕ ಹಾಕುತ್ತಾ ಕೂರುತ್ತಿದ್ದ. ಊಟದ ಮನೆಯಲ್ಲಿ ಜೀವಮಾನವಿಡೀ ತಟ್ಟೆ ತೊಳೆದವನನ್ನು ಅಡುಗೆಯ ರುಚಿ ಕೇಳಿದಂತೆ. ಈಗ ಈ ಐದು ಮುಖಗಳು ಒಂದೊಂದಾಗಿ ಬೇರೆಬೇರೆಯಾಗಿ ಎದ್ದು ಬಂದಾಗ, ಓಹೋ, ಇವರೆಲ್ಲ ತಲೆದೂಗುತ್ತಿದ್ದದ್ದು ಇದಕ್ಕೆ, ಎಂದುಕೊಂಡಿದ್ದ.

ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಯಾರದ್ದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದಳು. ಪಕ್ಕದಲ್ಲಿ ಇನ್ನೂ ಆರು ಪ್ಯಾಂಟುಗಳು ಕಾಲು ಇಳಿಬಿಟ್ಟುಕೊಂಡು ಸರದಿ ಕಾಯುತ್ತಿದ್ದವು.

‘ಪೆನ್ಸಿಲ್ ಇಟ್ಕೊಂಡ್ರಾ? ರಬ್ಬರ್?’ ಅಂದಳು, ಸೂಜಿಯಿಂದ ಕಣ್ಣೆತ್ತದೆ.

‘ಬಾಯಲ್ಲಿ ಹೇಳೋ ಪರೀಕ್ಷೆ ಕಣೆ.’

‘ಹಾಗಾದ್ರೆ ಬಾಯಿ ಇಟ್ಕೊಂಡು ಹೋಗಿ. ಮನೇಲಿ ಬಿಟ್ಟು ಹೋದ್ರೆ ನನ್ನ ತಲೆ ತಿನ್ನುತ್ತೆ.’ ದಾರ ಕಡಿದಳು. ‘ನಂಗೊಂದು ಅರ್ಥ ಆಗಲ್ಲ. ನಾನು ಹೊಲಿಯೋವಾಗ ಈ ಬಟ್ಟೆ ನಗ್ತಿದೆಯಾ ಅಳ್ತಿದೆಯಾ ಅಂತ ಯಾರಾದ್ರೂ ಕೇಳ್ತಾರಾ? ಹೊಲಿಗೆ ನೆಟ್ಟಗಿದ್ರೆ ಆಯ್ತು. ನೀವು ಇಷ್ಟು ವರ್ಷ ನೆಟ್ಟಗೆ ಮಾಡಿಕೊಟ್ರಲ್ಲ, ಅದು ಸಾಲದಂತಾ?’

‘ಮೊದಲು ಸಾಕಿತ್ತು. ಈಗ ಸಾಲದು.’

‘ಊರಿನ ಪಿಯಾನೋನೆಲ್ಲ ನೆಟ್ಟಗೆ ಮಾಡಿದ್ರಿ, ಈ ಮನೇದು ನೋಡಿ, ಗೂರಲು ಹಿಡಿದ ಮುದುಕನ ಥರ. ಇಪ್ಪತ್ತೊಂದು ವರ್ಷ ಆಯ್ತು ನಾನು ಹೇಳೋಕೆ ಶುರು ಮಾಡಿ.’

ಇಪ್ಪತ್ತೊಂದು ಎಂಬ ಸಂಖ್ಯೆಯನ್ನು ಅವಳು ಸುಮ್ಮನೆ ಹೇಳಿದಳೋ ಬೇಕೆಂದೇ ಹೇಳಿದಳೋ ಗೊತ್ತಾಗಲಿಲ್ಲ. ಮಗಳು ಪಾಠ ಬಿಟ್ಟದ್ದು ಒಂಬತ್ತನೆಯ ವಯಸ್ಸಿನಲ್ಲಿ. ಈಗ ಅವಳಿಗೆ ಮೂವತ್ತು. ಆವತ್ತಿನಿಂದ ಆ ಪಿಯಾನೋದ ಮೇಲೆ ಇಸ್ತ್ರಿಯಾದ ಬಟ್ಟೆಯ ಗಂಟು, ಕೊಡೆ, ಹಳೆ ಪೇಪರು. ಮಗಳು ಬೆಳಿಗ್ಗೆ ಬೇಗ ಕನ್ನಡಕದಂಗಡಿಗೆ ಹೋಗಿಯಾಗಿತ್ತು. ಅಲ್ಲಿ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತಾ ‘ಇದು ಚೆನ್ನಾಗಿ ಕಾಣುತ್ತಾ, ಇದು ಚೆನ್ನಾಗಿ ಕಾಣುತ್ತಾ?’ ಎಂದು ಸಂಜೆಯವರೆಗೆ ಕೇಳುವುದು ಅವಳ ಕೆಲಸ. ಮೇಜಿನ ಮೇಲೆ ಚೀಟಿ ಇಟ್ಟಿದ್ದಳು: ‘ಅಪ್ಪ, ಆತುರ ಪಡಬೇಡ. ಎರಡು ಸಲ ನುಡಿಸ್ತಾರೆ. ಎರಡನೇ ಸಲ ಹೇಳು.’ ಚೀಟಿಯನ್ನು ಅವನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಬಸ್ಸಿನಲ್ಲಿ ಟಿಕೆಟ್ ಕೇಳಿದಾಗ ಅದನ್ನೇ ತೆಗೆದು ಕೊಟ್ಟ. ಕಂಡಕ್ಟರು ಓದಿ, ‘ಎರಡನೇ ಸಲ ಬರೋವರೆಗೆ ಟೈಮಿಲ್ಲ ಸ್ವಾಮಿ,’ ಎಂದು ವಾಪಸು ಕೊಟ್ಟ. ಪಕ್ಕದ ಸೀಟಿನ ಹೆಂಗಸು ನಕ್ಕಳು. ಅವನೂ ನಕ್ಕ, ಸ್ವಲ್ಪ ತಡವಾಗಿ.

ಕಿಟಕಿಯಾಚೆ ಅಂಗಡಿಗಳು ಬಾಗಿಲೆತ್ತುತ್ತಿದ್ದವು. ಒಂದೊಂದು ಶಟರೂ ಒಂದೊಂದು ಥರ ಕಿರುಚುತ್ತಿತ್ತು. ಒಂದು ಸಣ್ಣ ಸಂಗತಿಯನ್ನು ಅವನು ಹತ್ತು ದಿನದಿಂದ ನಾಲಿಗೆಯ ಕೆಳಗಿನ ಗುಳಿಗೆಯಂತೆ ಇಟ್ಟುಕೊಂಡಿದ್ದ. ಕಳೆದ ವಾರ ಶಾಲೆಯಲ್ಲಿ, ಮುಚ್ಚಿದ ಬಾಗಿಲಾಚೆ ಯಾರೋ ಮೇಷ್ಟ್ರು ಮಕ್ಕಳಿಗೆ ಒಂದು ಕಾರ್ಡು ನುಡಿಸಿದ್ದರು. ಅವನು ಕಾರಿಡಾರಿನಲ್ಲಿ ನಿಂತಿದ್ದ. ಯಾವ ಮುಖವೂ ಬರಲಿಲ್ಲ. ಮಾವನೂ ಬರಲಿಲ್ಲ, ಅಜ್ಜಿಯೂ ಬರಲಿಲ್ಲ. ನಾಲ್ಕು ಸ್ವರ ಶುಚಿಯಾಗಿ ನಿಂತಿದ್ದವು, ಅಷ್ಟೇ. ಅವು ಹಾಗೆ ನಿಂತದ್ದು ಹಿಂದಿನ ವಾರ ಅವನೇ ಮಾಡಿದ ಕೆಲಸದಿಂದ. ಬಾಗಿಲು ದಪ್ಪ, ಅದಕ್ಕೇ, ಎಂದುಕೊಂಡು ಮುಂದೆ ಹೋಗಿದ್ದ. ಒಳಗಿನಿಂದ ಮಕ್ಕಳೆಲ್ಲ ಒಂದೇ ಕೊರಳಲ್ಲಿ ಉತ್ತರ ಕೂಗಿದ್ದು ಮಾತ್ರ ಆ ದಪ್ಪ ಬಾಗಿಲಿನಿಂದ ಚೆನ್ನಾಗಿಯೇ ಕೇಳಿಸಿತ್ತು. ಇನ್ನೊಂದೂ ಇತ್ತು. ಒಮ್ಮೆ ಮಗಳು ಪುಸ್ತಕದ ಹಾಳೆ ತಿರುಗಿಸಿ, ‘ಇವತ್ತು ಬೇರೆ ಮನೆಯಿಂದ ಶುರು ಮಾಡೋಣಪ್ಪ,’ ಅಂದಿದ್ದಳು. ಅವರು ಅಲ್ಲಿಯವರೆಗೆ ಐದನ್ನೂ ಒಂದೇ ಬಿಳಿ ಮನೆಯಿಂದ, ಮುಚ್ಚಳದ ಬೀಗದ ತೂತಿನ ನೇರಕ್ಕಿರುವ ಬಿಳಿ ಮನೆಯಿಂದ, ಕಟ್ಟುತ್ತಿದ್ದರು. ಅವಳು ಬೇರೆ ಕಡೆಯಿಂದ ಮೂರು ಸಲ ಒತ್ತಿದಳು. ಮೂರೂ ತಪ್ಪಾಯಿತು. ‘ಇವತ್ತು ಕಿವಿ ಯಾಕೋ ಗುಂಯ್ ಅಂತಿದೆ,’ ಅಂದ. ಅವಳು ಹಾಳೆಯನ್ನು ಹಿಂದಕ್ಕೆ ತಿರುಗಿಸಿದಳು. ಆಮೇಲೆ ಆ ಹಾಳೆ ಮತ್ತೆ ತಿರುಗಲಿಲ್ಲ.

ಪರೀಕ್ಷೆ ಶಾಲೆಯ ಮಹಡಿಯ ಕೋಣೆಯಲ್ಲಿ. ಹೊರಗಿನ ಬೆಂಚಿನ ಮೇಲೆ ಏಳು ಮಕ್ಕಳು, ಅವರ ಪಕ್ಕದಲ್ಲಿ ಅವರ ತಾಯಂದಿರು. ತುದಿಯಲ್ಲಿ ಅವನಿಗೆ ಜಾಗ ಸಿಕ್ಕಿತು, ಒಂದು ತೊಡೆಗೆ ಮಾತ್ರ. ಪಕ್ಕದಲ್ಲಿ ಕೂತಿದ್ದ ಎರಡು ಜಡೆಯ ಹುಡುಗಿ ಅವನ ಕೈಯಲ್ಲಿದ್ದ ಹಾಲ್ ಟಿಕೆಟನ್ನೇ ನೋಡುತ್ತಿದ್ದಳು.

‘ಅಂಕಲ್, ಯಾರನ್ನ ಕರ್ಕೊಂಡು ಬಂದಿದೀರ?’

‘ನನ್ನನ್ನೇ.’

ಅವಳು ತಾಯಿಯ ಕಡೆ ತಿರುಗಿ ಏನೋ ಪಿಸುಗುಟ್ಟಿದಳು. ತಾಯಿ ‘ಶ್, ಹಾಗೆಲ್ಲ ಅನ್ನಬಾರದು’ ಅಂದಳು. ಏನನ್ನಬಾರದೆಂದು ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಪಿಸುಮಾತು ಅವನ ಕಿವಿಗೆ ಎಂದೂ ಕಷ್ಟವಾಗಿರಲಿಲ್ಲ. ‘ಫೇಲಾಗಿ ಫೇಲಾಗಿ ಇಷ್ಟು ದೊಡ್ಡವರಾದ್ರಾ?’ ಎಂದು ಕೇಳಿದ್ದಳು ಅಷ್ಟೇ. ನ್ಯಾಯವಾದ ಪ್ರಶ್ನೆ. ಅವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಮೊಣಕಾಲು ಅಲುಗುತ್ತಲೇ ಇತ್ತು, ಮೊಣಕಾಲಿನ ಮೇಲೆ ಒಂದು ಒಣಗಿದ ಗಾಯದ ಚಕ್ಕೆ. ಒಂಬತ್ತು, ಹೆಚ್ಚೆಂದರೆ ಹತ್ತು.

ಅವನ ಹೆಸರು ಕರೆದರು. ಒಳಗಿದ್ದ ಪರೀಕ್ಷಕ ಬೇರೆ ಊರಿಂದ ಬಂದ ಹುಡುಗು ಮೋರೆಯವನು. ಇವನನ್ನು ನೋಡಿ ಎದ್ದು ನಿಂತು, ಹಾಲ್ ಟಿಕೆಟ್ ನೋಡಿ ಕೂತ. ‘ಪ್ರಿನ್ಸಿಪಾಲ್ ಮೇಡಂ ಹೇಳಿದ್ರು ಸರ್. ನಿಮ್ಮಂಥೋರಿಗೆ ನಾನು ಪರೀಕ್ಷೆ ಮಾಡೋದು ಅಂದ್ರೆ… ಇರ್ಲಿ. ಕಿಟಕಿ ಕಡೆ ಮುಖ ಮಾಡಿ ಕೂತ್ಕೊಳ್ಳಿ. ಇಪ್ಪತ್ತು ಕಾರ್ಡು. ಒಂದೊಂದು ಎರಡು ಸಲ.’ ಮೂಲೆಯಲ್ಲಿ ಹೊಸ ವಾದ್ಯ ನಿಂತಿತ್ತು, ಇನ್ನೂ ಕಾಲಿಗೆ ಸುತ್ತಿದ ಪ್ಲಾಸ್ಟಿಕ್ ತೆಗೆದಿರಲಿಲ್ಲ. ಹಳೆಯ ಪಿಯಾನೋಗೆ ಬಟ್ಟೆ ಹೊದಿಸಿ ಗೋಡೆಗೆ ಒತ್ತಿದ್ದರು. ಅವನು ಕಿಟಕಿಗೆ ಮುಖ ಮಾಡಿ ಕೂತ. ಎದುರು ಕಟ್ಟಡದ ಬಾಲ್ಕನಿಯಲ್ಲಿ ಒಬ್ಬಳು ಹೆಂಗಸು ಒದ್ದೆ ಬೆಡ್‌ಶೀಟು ಝಾಡಿಸುತ್ತಿದ್ದಳು. ಹಿಂದಿನಿಂದ, ಆ ಹೊಸ ವಾದ್ಯದಿಂದ, ಮೊದಲನೆಯ ಕಾರ್ಡು ಬಂತು.

ಅವನು ಕಾದ. ಎರಡನೆಯ ಸಲ ನುಡಿಯಿತು. ಅವನು ಇನ್ನೂ ಕಾದ. ಬೆಡ್‌ಶೀಟು ತಂತಿಯ ಮೇಲೆ ಬಿತ್ತು, ಹೆಂಗಸು ಅದಕ್ಕೆ ಒಂದು ಕ್ಲಿಪ್ಪು ಹಾಕಿದಳು, ಎರಡನೆಯದು ಹಾಕಿದಳು. ‘ಸರ್?’ ಅಂದ ಪರೀಕ್ಷಕ. ತಾನು ಏನಕ್ಕೆ ಕಾಯುತ್ತಿದ್ದೇನೆ ಎಂದು ಅವನು ಆಗ ತನ್ನನ್ನೇ ಕೇಳಿಕೊಂಡ. ಉತ್ತರ ತಕ್ಷಣ ಹೊಳೆಯಿತು, ಬಹಳ ದಿನದಿಂದ ಮೆಟ್ಟಿಲಲ್ಲೇ ನಿಂತಿದ್ದ ನೆಂಟನಂತೆ. ಅವನು ತೂಗಾಟಕ್ಕೆ ಕಾಯುತ್ತಿದ್ದ. ಮನೆಯ ಪಿಯಾನೋದಲ್ಲಿ ಮೂರು ಕರಿಮನೆಗಳಿಗೆ ಮೂರು ಕಾಯಿಲೆ. ಒಂದರ ತಂತಿ ಸಡಿಲಾಗಿ ವಂವ್ ವಂವ್ ಎಂದು ತೂಗುತ್ತದೆ. ಇನ್ನೊಂದರ ತಂತಿ ಬಡಿಯುವ ಸುತ್ತಿಗೆಯ ಉಣ್ಣೆಯ ಫೆಲ್ಟು ಸವೆದು ಕಲ್ಲಾಗಿ ತಗಡು ಬಡಿದ ಹಾಗೆ ಸದ್ದಾಗುತ್ತದೆ. ಮತ್ತೊಂದರಲ್ಲಿ ತಂತಿಯ ಬಾಯಿ ಮುಚ್ಚಿಸುವ ಡ್ಯಾಂಪರು ವಾಲಿ, ಕೈ ತೆಗೆದ ಮೇಲೂ ಸ್ವರ ಬಾಲ ಎಳೆಯುತ್ತದೆ. ತೂಗಾಟ ಒಂದೇ ಇದ್ದರೆ ಮಾವ. ತೂಗಾಟಕ್ಕೆ ತಗಡು ಸೇರಿದರೆ ಅಜ್ಜಿ. ಮೂರೂ ಇದ್ದರೆ ಷಡ್ಡಕ. ತೂಗಾಟವಿಲ್ಲದೆ ತಗಡು ಮತ್ತು ಬಾಲ ಮಾತ್ರ ಇದ್ದರೆ ಡಾಕ್ಟರು. ಯಾವ ಕಾಯಿಲೆಯೂ ಇಲ್ಲದಿದ್ದರೆ ಚಿಕ್ಕಮ್ಮ. ಐದು ಕಾರ್ಡಿನ ಮುಖ ಅವನು ನೋಡಿಯೇ ಇರಲಿಲ್ಲ; ಕತ್ತಲ ಕೋಣೆಯಲ್ಲಿ ಕೆಮ್ಮಿನಿಂದ ನೆಂಟರನ್ನು ಗುರುತು ಹಿಡಿದಿದ್ದ. ಇಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ.

‘ಡಾಮಿನೆಂಟ್,’ ಎಂದ.

ಬೆನ್ನ ಹಿಂದೆ ಪೆನ್ಸಿಲು ಆಡಿತು. ಚರ್ ಚರ್, ಎರಡು ಗೀಟು. ಸರಿ ಗುರುತಿಗೆ ಒಂದು ಎಳೆತ ಸಾಕು. ತಪ್ಪಿಗೆ ಎರಡು ಬೇಕು. ಇದನ್ನು ಕೇಳಿಸಿಕೊಳ್ಳಲು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮುಂದಿನದು. ಬೇರೆ ಎಲ್ಲಿಂದಲೋ ಶುರುವಾಗಿ ಬೇರೆ ಎಲ್ಲೋ ನಿಂತಿತು. ‘ಮೈನರ್.’ ಚರ್ ಚರ್. ‘ಮೇಜರ್.’ ಚರ್ ಚರ್. ಪರೀಕ್ಷಕ ಕೆಮ್ಮಿದ, ಅದು ಮರುಕದ ಕೆಮ್ಮು. ಆಮೇಲಿನದನ್ನು ಸ್ವಲ್ಪ ನಿಧಾನವಾಗಿ, ಮಗುವಿಗೆ ತುತ್ತು ಕೊಡುವ ಹಾಗೆ, ಮೂರು ಸಲ ನುಡಿಸಿದ. ಆ ದಾಕ್ಷಿಣ್ಯ ಅವನಿಗೆ ತಪ್ಪು ಗುರುತಿಗಿಂತ ಹೆಚ್ಚು ಚುಚ್ಚಿತು. ‘ಡಿಮಿನಿಷ್ಡ್’ ಎಂದ. ಚರ್. ಒಂದೇ. ಯಾಕೆ ಸರಿಯಾಯಿತೆಂದು ಅವನಿಗೂ ಗೊತ್ತಿರಲಿಲ್ಲ, ಆ ಡಾಕ್ಟರಿಗೂ ಗೊತ್ತಿರಲಿಕ್ಕಿಲ್ಲ. ಏಳನೆಯದಕ್ಕೋ ಎಂಟನೆಯದಕ್ಕೋ ಕಿವಿ ಪರೀಕ್ಷೆಯಿಂದ ಎದ್ದು ಹೊರಗೆ ಹೋಗಿಬಿಟ್ಟಿತು. ಎದುರು ಬಾಲ್ಕನಿಯ ಹೆಂಗಸು ಒಳಗೆ ಹೋದಂತೆ. ಬಾಯಿ ಮಾತ್ರ ಇಲ್ಲಿ ಹೆಸರುಗಳನ್ನು ಹೇಳುತ್ತಾ ಕೂತಿತ್ತು, ಪೆನ್ಸಿಲಿನ ಗೀಟುಗಳು ತಾವಾಗಿಯೇ ಎಣಿಕೆಗೆ ಬೀಳುತ್ತಿದ್ದವು.

ಇಪ್ಪತ್ತೊಂದು ವರ್ಷದ ಹಿಂದೆ, ಇನ್ನೊಂದು ಕೋಣೆಯಲ್ಲಿ ಇದೇ ಥರದ ಕಿಟಕಿ ಇತ್ತು. ಅದು ಮಗಳ ಪಿಯಾನೋ ಟೀಚರಮ್ಮನ ಮನೆ. ಅವರ ವಾದ್ಯವನ್ನು ಅವನು ಆಗಷ್ಟೇ ಶ್ರುತಿ ಮಾಡಿ ಕೀಗಳನ್ನು ಚೀಲಕ್ಕೆ ತುಂಬುತ್ತಿದ್ದ. ಪಾಠ ಶುರುವಾಗಿತ್ತು. ಒಂಬತ್ತು ವರ್ಷದ ಮಗಳು ಕಿಟಕಿಗೆ ಮುಖ ಮಾಡಿ ನಿಂತಿದ್ದಳು, ಬಿಳಿ ಕಾಲುಚೀಲ, ಒಂದು ಕೆಳಗೆ ಜಾರಿತ್ತು. ಟೀಚರಮ್ಮ ಎರಡು ಕಾರ್ಡು ನುಡಿಸಿ, ‘ಎರಡೂ ಒಂದೇನಾ, ಬೇರೆನಾ?’ ಎಂದು ಕೇಳಿದರು. ಮಗಳು ತುಂಬಾ ಹೊತ್ತು ಯೋಚಿಸಿ, ‘ಬೇರೆ. ಮೊದಲನೇದು ಹೊರಟೆ ಹೊರಟೆ ಅಂತಿದೆ. ಎರಡನೇದು ಕೂತ್ಕೊಂಡು ಉಸಿರು ಬಿಡ್ತಿದೆ,’ ಅಂದಳು. ಅವನು ನಕ್ಕುಬಿಟ್ಟ. ಎರಡರಲ್ಲೂ ಒಂದು ಚೂರು ಅಲೆ ಇರಲಿಲ್ಲ, ಅರ್ಧ ಗಂಟೆ ಹಿಂದೆ ಅವನೇ ನಿಲ್ಲಿಸಿದ್ದ; ಎರಡೂ ಒಂದೇ ಸಮ ಶುಚಿ, ಒಂದೇ ಸಮ ಸರಿ. ‘ಏನೇನೋ ಕಥೆ ಹೇಳ್ತಾಳೆ ಬಿಡಿ ಮೇಡಂ. ಇವಳಿಗೆ ಕಿವಿಯೇ ಇಲ್ಲ,’ ಎಂದ. ಟೀಚರಮ್ಮ ಪುಸ್ತಕದ ಹಾಳೆ ತಿರುಗಿಸಿದರು. ಶ್ರುತಿ ಮಾಡುವವನೇ ಕಿವಿಯಿಲ್ಲ ಅಂದ ಮೇಲೆ ಯಾರು ಎದುರಾಡುತ್ತಾರೆ? ಮಗಳು ಬಗ್ಗಿ ಜಾರಿದ ಕಾಲುಚೀಲವನ್ನು ಮೇಲೆಳೆದುಕೊಂಡಳು. ಆಮೇಲೆ ಮೂರು ಶನಿವಾರ ಹೊಟ್ಟೆನೋವು ಬಂತು. ನಾಲ್ಕನೆಯ ಶನಿವಾರ ಯಾರೂ ಪಾಠದ ಮಾತೆತ್ತಲಿಲ್ಲ. ಆವತ್ತು ಅವಳು ಹೇಳಿದ್ದು ಮಾವ, ಅಜ್ಜಿ. ಇಪ್ಪತ್ತೊಂದು ವರ್ಷ ಹಾಗೇ ಇಟ್ಟುಕೊಂಡಿದ್ದು, ಅವೇ ಎರಡು ಮಾತನ್ನು ಅವನ ಪರೀಕ್ಷೆಗೆಂದು ತೆಗೆದು ಕೊಟ್ಟಿದ್ದಳು. ಅವನು ಅದನ್ನು ತೆಗೆದುಕೊಂಡು ತಗಡಿಗೆ, ಸಡಿಲ ತಂತಿಗೆ ಕಟ್ಟಿಕೊಂಡಿದ್ದ.

‘ಆಯ್ತು ಸರ್,’ ಅಂದ ಪರೀಕ್ಷಕ. ‘ರಿಸಲ್ಟ್ ಎರಡು ವಾರಕ್ಕೆ…’

‘ಇಪ್ಪತ್ತಕ್ಕೆ ನಾಲ್ಕು,’ ಎಂದ ಅವನು.

ಪರೀಕ್ಷಕ ಹಾಳೆ ನೋಡಿ, ಎಣಿಸಿ, ಮುಖ ಕೆಂಪು ಮಾಡಿಕೊಂಡ. ಐದರಲ್ಲಿ ಒಂದನ್ನು ಕಣ್ಣು ಮುಚ್ಚಿ ಹೇಳುತ್ತಾ ಹೋದರೂ ಇಪ್ಪತ್ತಕ್ಕೆ ನಾಲ್ಕು ಬರುತ್ತದೆ. ಕಿವಿ ಅನ್ನುವುದು ಇಲ್ಲದ ಕುರ್ಚಿಯನ್ನೋ ಹೂಜಿಯನ್ನೋ ಪರೀಕ್ಷೆಗೆ ಕೂರಿಸಿದ್ದರೂ ಅಷ್ಟೇ ಬರುತ್ತಿತ್ತು.

ಕೆಳಗೆ ಪ್ರಿನ್ಸಿಪಾಲಮ್ಮನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಅವರು ಕುರ್ಚಿಯಿಂದ ಎದ್ದು, ಯಾಕೆ ಎದ್ದೆ ಎಂದು ಮರೆತವರಂತೆ ಕಿಟಕಿಯ ಪರದೆ ಸರಿಮಾಡಿದರು. ‘ನರ್ವಸ್ ಆಗಿಬಿಟ್ರಾ ಸರ್? ಫಾರ್ಮಾಲಿಟಿ ಅಂತ ಅಷ್ಟು ಹೇಳಿದ್ದೆ.’ ನರ್ವಸ್ ಆಗಿದ್ದೆ ಅಂದರೆ ಮುಂದಿನ ಸಲಕ್ಕೆ ಒಂದು ಬಾಗಿಲು ತೆರೆದಿರುತ್ತಿತ್ತು. ಅವರು ಅದನ್ನು ತೆರೆದುಕೊಂಡೇ ನಿಂತಿದ್ದರು. ‘ಇಲ್ಲ,’ ಎಂದ ಅವನು, ‘ನನಗೆ ಕೇಳಿಸಲ್ಲ.’ ಅವರಿಗೆ ಅರ್ಥವಾಗಲಿಲ್ಲ. ವಯಸ್ಸಾದ ಮೇಲೆ ಎಲ್ಲರಿಗೂ ಅಷ್ಟೇ, ನಮ್ಮ ತಂದೆಯವರಿಗೂ ಮಷಿನ್ ಹಾಕಿಸಿದೆವು, ಎಂದು ಸ್ವಲ್ಪ ಜೋರಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳತೊಡಗಿದರು. ಅವನು ತಡೆಯಲಿಲ್ಲ. ಬಾಗಿಲವರೆಗೆ ಹೋದಾಗ ಅವರು ಅದೇ ಜೋರು ದನಿಯಲ್ಲಿ, ‘ಸರ್, ಲೈಬ್ರರಿ ಪುಸ್ತಕ ಒಂದು ನಿಮ್ಮ ಹತ್ರ ಇದೆಯಂತೆ,’ ಅಂದರು. ‘ನಾಳೆ ತರ್ತೀನಿ,’ ಎಂದ. ಹೊರಗೆ ಮೆಟ್ಟಿಲ ಮೇಲೆ ಎರಡು ಜಡೆಯ ಹುಡುಗಿ ಕೂತಿದ್ದಳು, ಅಷ್ಟರಲ್ಲಿ ಅವಳ ಪರೀಕ್ಷೆಯೂ ಮುಗಿದಿತ್ತು. ತಾಯಿ ಕೊಟ್ಟ ಬಿಸ್ಕತ್ತು ತಿನ್ನುತ್ತಾ, ‘ಅಂಕಲ್, ಈಜಿ ಇತ್ತಲ್ವಾ?’ ಅಂದಳು.

ಮನೆಗೆ ಬಂದಾಗ ಮಧ್ಯಾಹ್ನ. ಹೆಂಡತಿ ಅವನ ಮುಖ ನೋಡಿ ಮತ್ತೆ ಸೂಜಿಯ ಕಡೆ ಬಗ್ಗಿದಳು. ಅವನು ಪಿಯಾನೋ ಮೇಲಿನ ಕೊಡೆ, ಪೇಪರು, ಗಂಟುಗಳನ್ನೆಲ್ಲ ತೆಗೆದು ನೆಲದ ಮೇಲಿಟ್ಟು ಮುಂದಿನ ಹಲಗೆ ಬಿಚ್ಚಿದ. ‘ಈಗ ಪುರುಸೊತ್ತಾಯ್ತಾ?’ ಅಂದಳು, ಅಂದ ಮೇಲೆ ಅನ್ನಬಾರದಿತ್ತು ಅನ್ನಿಸಿ, ಒಂದು ಲೋಟ ಕಾಫಿ ತಂದು ಪಕ್ಕದಲ್ಲಿಟ್ಟು ಮಿಷನ್ನಿಗೆ ಮರಳಿದಳು. ಅವನು ಸಡಿಲ ತಂತಿಗೆ ಕೀ ಹಾಕಿದ. ತೂಗಾಟ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಮಾವ ಹೋದ. ಕಲ್ಲಾದ ಫೆಲ್ಟಿಗೆ ಸೂಜಿ ಚುಚ್ಚಿ ಚುಚ್ಚಿ ಮೆತ್ತಗೆ ಮಾಡಿದ. ಅಜ್ಜಿ ಹೋದಳು. ವಾಲಿದ ಡ್ಯಾಂಪರನ್ನು ನೆಟ್ಟಗೆ ನಿಲ್ಲಿಸಿದ. ಒಂದು ಕೆಲಸವನ್ನು ಕೆಡಿಸದೆ ಮಾಡುವಷ್ಟು ಕೈ ಇನ್ನೂ ಇತ್ತು. ಅದು ಯಾರಿಗೂ ಬೇಡವಾದ ಮೇಲೂ ಕೈಗೆ ತಿಳಿಯದು. ಉಳಿದ ತಂತಿಗಳನ್ನೂ ಒಂದೊಂದಾಗಿ ಮುಟ್ಟಿದ. ಮುಗಿಸುವಾಗ ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಬಿಚ್ಚಿಟ್ಟ ಹಲಗೆ ನೋಡಿದಳು, ಅಮ್ಮನನ್ನು ನೋಡಿದಳು.

‘ಹೋಯ್ತಾ?’ ಅಂದಳು.

‘ಇಪ್ಪತ್ತಕ್ಕೆ ನಾಲ್ಕು.’

ಅವಳು ಚೀಲ ಕೆಳಗಿಟ್ಟು ಸ್ಟೂಲಿನ ತುದಿಯಲ್ಲಿ ಕೂತಳು. ಮೂಗಿನ ಎರಡು ಬದಿಯಲ್ಲಿ, ಗಿರಾಕಿಗಳಿಗೆ ತೋರಿಸಲು ದಿನವಿಡೀ ಮಾದರಿ ಕನ್ನಡಕ ತಾನೇ ಹಾಕಿ ತೆಗೆದ ಗುರುತಿತ್ತು.

‘ಬೇರೆ ಮನೆಯಿಂದ ನುಡಿಸಿದ್ರೆ ನಂಗೆ ಬರಲ್ಲ ಅಂತ ನಿನಗೆ ಗೊತ್ತಿತ್ತು,’ ಎಂದ ಅವನು. ಆರೋಪ ಮಾಡುವ ದನಿಯಲ್ಲಿ ಅಲ್ಲ.

‘ಗೊತ್ತಿತ್ತು.’

‘ಹೇಳಬಹುದಿತ್ತು.’

‘ಹತ್ತಕ್ಕೆ ಹತ್ತು ಬಂದಾಗ ನೀನು ಹೇಗಿದ್ದೆ ನೋಡ್ಕೊಂಡಿದೀಯಾ? ಹೇಗೆ ಹೇಳೋದಪ್ಪ ಅದನ್ನ?’

ಹೇಗೆ ಹೇಳಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂರೇ ಶಬ್ದ ಸಾಕು, ಚೀಲಕ್ಕೆ ಕೀ ತುಂಬುತ್ತಾ, ನಗುತ್ತಾ. ಅವನು ಅವಳನ್ನು ಏಳಿಸಿ ತಾನು ಸ್ಟೂಲಿನ ಮೇಲೆ ಕೂತ. ‘ಆ ಕಡೆ ತಿರುಗಿ ನಿಂತ್ಕೋ,’ ಎಂದ. ‘ಈಗ ಯಾಕಪ್ಪಾ?’ ಅಂದಳು. ‘ನಿಂತ್ಕೋ.’ ಅವಳು ಗೋಡೆಗೆ ಮುಖ ಮಾಡಿ ನಿಂತಳು. ಅವನು ಲೈಬ್ರರಿ ಪುಸ್ತಕ ತೆರೆದು, ಅವರು ತಿರುಗಿಸದೆ ಬಿಟ್ಟಿದ್ದ ಹಾಳೆಗೆ ಬಂದ. ಬೆರಳುಗಳನ್ನು ಒಂದೊಂದಾಗಿ ಎಣಿಸಿ ಮನೆಗಳ ಮೇಲಿಟ್ಟು, ಒತ್ತಿದ.

‘ಅಜ್ಜಿ.’

ಪುಸ್ತಕ ನೋಡಿದ. ‘ಸರಿ.’ ಇನ್ನೊಂದು ಹಾಳೆ, ಇನ್ನೊಂದು ಮನೆಯಿಂದ. ‘ಡಾಕ್ಟ್ರು.’ ಪುಸ್ತಕ ನೋಡಿದ. ‘ಸರಿ.’ ಮೇಲಿನಿಂದ, ಕೆಳಗಿನಿಂದ, ಕರಿಮನೆಯಿಂದ. ‘ಚಿಕ್ಕಮ್ಮ. ಮಾವ. ಮಾವ. ಅಜ್ಜಿ.’ ಅವಳು ಯೋಚಿಸುತ್ತಲೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರು ಮಾತಾಡುತ್ತಿದ್ದಾರೆಂದು ಹೇಳುವವಳಂತೆ ಹೇಳುತ್ತಿದ್ದಳು. ಅವನ ಕಿವಿಗೆ ಎಲ್ಲವೂ ಒಂದೇ ಸಮ ಶುಚಿಯಾಗಿದ್ದವು, ಒಂದರಲ್ಲೂ ಚೂರು ಅಲೆಯಿರಲಿಲ್ಲ. ಸರಿ, ಸರಿ, ಎಂದು ಪುಸ್ತಕ ನೋಡಿಕೊಂಡು ಹೇಳುತ್ತಾ ಹೋದ. ಹನ್ನೆರಡನೆಯದಕ್ಕೋ ಹದಿಮೂರನೆಯದಕ್ಕೋ ಅವಳು ಕೈ ಎತ್ತಿ ತಡೆದಳು.

‘ಇದು ಯಾವುದೂ ಅಲ್ಲ. ಬೆರಳು ನೋಡ್ಕೋ.’

ಅವನು ನೋಡಿಕೊಂಡ. ಕಿರುಬೆರಳು ಪಕ್ಕದ ಮನೆಯ ಮೇಲಿತ್ತು. ತೆಗೆದು ಸರಿಯಾದ ಕಡೆ ಇಟ್ಟ. ಒಳಗೆ ಹೊಲಿಗೆ ಮಿಷನ್ನು ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ.

‘ಆವತ್ತು ಟೀಚರಮ್ಮನ ಮನೇಲಿ,’ ಎಂದ ಅವನು, ಬೆರಳುಗಳನ್ನು ನೋಡುತ್ತಾ, ‘ನಾನು ಒಂದು ಮಾತು ಅಂದೆ.’

ಗೋಡೆಯ ಕಡೆಯಿಂದ ಉತ್ತರ ಬಂತು.

‘ಯಾವುದು? ನಂಗೆ ನೆನಪಿಲ್ಲಪ್ಪ.’

ಎರಡು ತಂತಿ ಒಂದೇ ಸ್ವರ ನುಡಿಯಬೇಕಾಗಿ ಕೂದಲೆಳೆಯಷ್ಟು ತಪ್ಪಿದರೆ ನಡುವೆ ಏಳುವ ತೂಗಾಟ ಅವಳ ದನಿಯಲ್ಲಿತ್ತು. ಅವನಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಎಷ್ಟು ಹೊತ್ತಿಗೆ ಎಷ್ಟು ಎಂದು ಬೇಕಿದ್ದರೆ ಎಣಿಸಬಹುದಿತ್ತು.

‘ಇರ್ಲಿ ಬಿಡು,’ ಎಂದು ಅವನು ಪುಸ್ತಕದಲ್ಲಿ ಮುಂದಿನದನ್ನು ಹುಡುಕತೊಡಗಿದ. ನಾಳೆ ಅದನ್ನು ವಾಪಸು ಕೊಡಬೇಕಿತ್ತು. ಬೆರಳುಗಳನ್ನು ಎಣಿಸಿ ಇಟ್ಟು, ಒತ್ತಿದ.

‘ಷಡ್ಡಕ,’ ಅಂದಳು ಅವಳು.

‘ಸರಿ.’